ಓದಿದ್ದನ್ನು ಯಾರಿಗೆ ಹೇಳೋದು?

— ಅಂಗಡಿ ಮುಚ್ಚಿದ ಮೇಲೂ ಪುಸ್ತಕಗಳನ್ನೆಲ್ಲ ಇಟ್ಟುಕೊಂಡಿದ್ದೀರಿ ಅಂತ ಅಮ್ಮ ಹೇಳಿದಾಗ ನಾನು ನಂಬಿರಲಿಲ್ಲ ಸರ್.

— ಎಲ್ಲ ಎಲ್ಲಿ ಬಂತು? ಒಂದಷ್ಟು ಶಾಲೆಗೆ ಹೋಯ್ತು, ಒಂದಷ್ಟು ಗೆದ್ದಲಿಗೆ. ಮಿಕ್ಕಿದ್ದು ಇದು. ಆ ಕಂದು ರಟ್ಟಿನವೆಲ್ಲ ಬಾಡಿಗೆ ಕಾದಂಬರಿಗಳು. ಬೆನ್ನ ಮೇಲೆ ನಂಬರ್ ಬರೆದಿರೋದು ನನ್ನ ಕೈಯೇ. ನಿಮ್ಮಮ್ಮ ತ್ರಿವೇಣಿ ಮುಗಿಸಿದರು, ಎಂ.ಕೆ. ಇಂದಿರಾ ಮುಗಿಸಿದರು, ಆಮೇಲೆ ಹೊಸದು ಯಾಕೆ ತರಿಸಲ್ಲ ಅಂತ ನನ್ನ ಮೇಲೇ ಜಗಳಕ್ಕೆ ಬಂದರು. ಇಡೀ ಶಿವಮೊಗ್ಗದಲ್ಲಿ ನನ್ನನ್ನ ಅಷ್ಟು ಬೈದ ಗಿರಾಕಿ ಇನ್ನೊಬ್ಬರಿಲ್ಲ.

— ಅಂಥ ಅಮ್ಮನ ಮಗಳು ನಾನು, ನನಗೆ ನಾಲ್ಕು ಪುಟ ಓದೋಕಾಗ್ತಿಲ್ಲ. ಮೂರನೇ ಪುಟಕ್ಕೆ ಬರೋ ಹೊತ್ತಿಗೆ ಕೈ ಫೋನಿನ ಕಡೆ ಹೋಗಿರುತ್ತೆ. ಯಾರೂ ಮೆಸೇಜ್ ಮಾಡಿರಲ್ಲ, ಮಾಡೋರಿದ್ದಾರೆ ಅಂತಲೂ ಅಲ್ಲ. ಸುಮ್ಮನೆ ಹೋಗುತ್ತೆ. ಇನ್ನು ರೀಲ್ಸ್ ಸಾಕು, ಪುಸ್ತಕ ಹಿಡೀಬೇಕು ಅಂತ ನಿರ್ಧಾರ ಮಾಡಿದ್ದೀನಿ. ಯಾವುದರಿಂದ ಶುರು ಮಾಡಲಿ ಅಂತ ನಿಮ್ಮನ್ನ ಕೇಳು ಅಂದರು ಅಮ್ಮ.

— ಪುಸ್ತಕ ಆಮೇಲೆ ಕೊಡ್ತೀನಿ. ಆದರೆ ಫೋನ್ ಕೆಟ್ಟದ್ದು, ಪುಸ್ತಕ ಒಳ್ಳೇದು ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಆ ಮಾತು ನನ್ನಿಂದಾಗಲ್ಲ.

— ಜೀವನಪೂರ್ತಿ ಪುಸ್ತಕ ಕೊಟ್ಟವರು ಹೀಗಂದರೆ ಹೇಗೆ?

— ಕೊಟ್ಟವನಾದ್ದರಿಂದಲೇ ಹೇಳ್ತಿರೋದು. ಈಗ ಫೋನಿಗೆ ಬೈತಾರಲ್ಲ, ಆಗ ಅದೇ ಬೈಗುಳ ಕಾದಂಬರಿಗೆ ಬೀಳ್ತಿತ್ತು. ಓದಿನ ಪುಸ್ತಕದ ಒಳಗೆ ಕಾದಂಬರಿ ಇಟ್ಟುಕೊಂಡು ಓದಿ ಸಿಕ್ಕಿಬಿದ್ದ ಹುಡುಗಿಯರ ಅಪ್ಪಂದಿರು ನನ್ನ ಅಂಗಡಿಗೆ ಬಂದು ಕೂಗಾಡಿದ್ದಾರೆ. ನನಗಿಂತ ಮುಂಚೆ ಇನ್ನೂ ಜೋರು. ಅನಕೃ ವೇಶ್ಯಾಸಮಸ್ಯೆ ಬಗ್ಗೆ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅಶ್ಲೀಲ ಅಂತ ಎಷ್ಟು ಗದ್ದಲ ಆಯ್ತು ಅಂದರೆ, ಅವರು ಉತ್ತರ ಕೊಡೋಕೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಅಂತ ಇನ್ನೊಂದು ಪುಸ್ತಕವನ್ನೇ ಬರೀಬೇಕಾಯ್ತು. ಸಮಯ ಹಾಳು, ಕಣ್ಣು ಹಾಳು, ಹುಡುಗರು ಹಾಳು, ಈ ಮೂರೂ ಹಾಳುಗಳನ್ನ ನಾನು ಅಂಗಡಿಯಲ್ಲಿ ಕೂತು ಕೇಳಿಸಿಕೊಂಡಿದ್ದೀನಿ.

— ಅಲ್ಲಿಗೆ ಎರಡೂ ಒಂದೇ ಅಂತೀರಾ? ನಾನೊಪ್ಪಲ್ಲ. ನಾನು ಕೆಲಸ ಮಾಡೋದು ಆ್ಯಪ್ ತಯಾರಿಸೋ ಕಂಪನಿಯಲ್ಲಿ. ಜನ ಎಷ್ಟು ಹೊತ್ತು ಉಳಿದರು, ಎಲ್ಲಿ ಬಿಟ್ಟುಹೋದರು ಅನ್ನೋದು ನಮ್ಮ ಮೀಟಿಂಗಿನಲ್ಲಿ ದಿನಾ ಬರೋ ಮಾತು. ಯಾವ ಕಾದಂಬರಿಕಾರರಿಗೂ ಅಂಥ ಲೆಕ್ಕ ಸಿಕ್ತಿರಲಿಲ್ಲ. ಬೆರಳು ಸರಿಸಿದಷ್ಟೂ ಕೆಳಗೆ ಹೊಸದು ಬರ್ತಾನೇ ಇರುತ್ತಲ್ಲ, ಆ ಉಪಾಯವನ್ನ 2006ರಲ್ಲಿ ಅಜಾ ರಾಸ್ಕಿನ್ ಅನ್ನೋ ವಿನ್ಯಾಸಕಾರ ಮಾಡಿದ್ದು. ಆಗ ಅವನ ಉದ್ದೇಶ ಸರಳ. ‘ಮುಂದಿನ ಪುಟ’ ಅನ್ನೋ ಗುಂಡಿ ಒತ್ತೋ ತೊಂದರೆ ಜನಕ್ಕೆ ಯಾಕೆ ಅಂತ. ಆಮೇಲೆ ಅವನೇ ಅದಕ್ಕೆ ಬೇಸರ ಪಟ್ಟುಕೊಂಡ. ಆ ಗುಂಡಿ ಇದ್ದಿದ್ದರೆ ಅರೆಕ್ಷಣ ಕೈ ನಿಲ್ಲುತ್ತಿತ್ತು, ಸಾಕೋ ಬೇಕೋ ಅಂತ ಯೋಚನೆ ಬರ್ತಿತ್ತು. ಊಟಕ್ಕೆ ಕೂತವರ ಎಲೆ ಖಾಲಿ ಆಗೋಕೇ ಬಿಡದೆ ಬಡಿಸ್ತಾ ಹೋದರೆ ಹೊಟ್ಟೆ ತುಂಬಿದ್ದು ಗೊತ್ತಾಗುತ್ತಾ? ಪುಸ್ತಕಕ್ಕೆ ಅಧ್ಯಾಯ ಇದೆ, ಪುಟ ಇದೆ, ಕೊನೆ ಇದೆ.

— ಕೊನೆ ಇದೆ, ಸರಿ. ಆದರೆ ಕೊನೆ ಮುಟ್ಟಿದ ಅರ್ಧ ಗಂಟೆಗೆ ಅಂಗಡಿಗೆ ಓಡಿಬಂದು ಇನ್ನೊಂದು ಒಯ್ಯೋರು ಎಷ್ಟೋ ಜನ ಇದ್ದರು. ಯಂಡಮೂರಿ ವೀರೇಂದ್ರನಾಥರ ಧಾರಾವಾಹಿಗಳು ಕನ್ನಡಕ್ಕೆ ಬಂದ ಕಾಲ ನೆನೆಸಿಕೊ. ಪ್ರತಿ ಕಂತನ್ನೂ ಭಯ ಹುಟ್ಟಿಸೋ ಜಾಗದಲ್ಲಿ ನಿಲ್ಲಿಸ್ತಿದ್ದರು. ಅದೂ ಉಪಾಯವೇ ಅಲ್ವಾ? ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಮೊದಲು ಯಾರ ಕೈಗೆ ಅಂತ ಜಗಳ. ಕಂತುಗಳನ್ನ ಪುಟ ಪುಟವಾಗಿ ಹರಿದು, ಜೋಡಿಸಿ, ಹೊಲಿದು, ಹಳೇ ಕ್ಯಾಲೆಂಡರ್ ಹಾಕಿ ರಟ್ಟು ಕಟ್ಟೋರು. ಅಂಥ ಮನೆ-ಬೈಂಡಿನ ಪುಸ್ತಕ ಒಂದನ್ನ ನಿಮ್ಮಮ್ಮನೇ ನನಗೆ ಕೊಟ್ಟಿದ್ದರು, ನಡುವೆ ಒಂದು ಕಂತೇ ಇಲ್ಲ. ಆ ವಾರದ ಪತ್ರಿಕೆಯಲ್ಲಿ ಯಾರೋ ಬೋಂಡಾ ಕಟ್ಟಿಬಿಟ್ಟಿದ್ದರಂತೆ.

— ಹಾಗಾದರೆ ವ್ಯತ್ಯಾಸ ಎಲ್ಲಿದೆ, ನೀವೇ ಹೇಳಿ.

— ನಿನ್ನೆ ರಾತ್ರಿ ಏನು ನೋಡಿದೆ?

— ರೀಲ್ಸಾ? ಏನೋ... ಒಂದು ಬೆಕ್ಕಿನದು. ಯಾರೋ ಇಡ್ಲಿ ಮಾಡ್ತಿದ್ದರು. ಒಬ್ಬ ಕಾಮಿಡಿಯವನು. ಮಿಕ್ಕಿದ್ದು ನೆನಪಿಲ್ಲ.

— ಯಾರಿಗಾದರೂ ಹೇಳಿದೆಯಾ?

— ಬೆಕ್ಕಿನದನ್ನ ಫ್ರೆಂಡಿಗೆ ಕಳಿಸಿದೆ.

— ಕಳಿಸಿದೆ. ಹೇಳಲಿಲ್ಲ. ನಾನು ಕೌಂಟರಿನಲ್ಲಿ ಕೂತು ನೋಡಿದ್ದು ಇದೊಂದನ್ನೇ. ಪುಸ್ತಕ ವಾಪಸ್ ತಂದವರು ಬಾಡಿಗೆ ಕೊಟ್ಟು ಸುಮ್ಮನೆ ಹೋಗ್ತಿರಲಿಲ್ಲ, ನಿಂತು ಹೇಳೋರು. ‘ಶರಪಂಜರ’ದ ಕಾವೇರಿಗೆ ಅಷ್ಟು ಅನ್ಯಾಯ ಆಗಬಾರದಿತ್ತು ಅಂತ ಒಬ್ಬಾಕೆ, ಅವಳ ಗಂಡನ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ ಅಂತ ಇನ್ನೊಬ್ಬಾಕೆ. ಇಬ್ಬರೂ ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಹಿಂದೆ ನಿಂತ ಹುಡುಗ ‘ಕತೆ ಹೇಳಬೇಡ್ರಿ, ನಾನಿನ್ನೂ ಓದಿಲ್ಲ’ ಅಂತ ಗೋಗರೀತಿದ್ದ. ಅಂಚಿನಲ್ಲಿ ಪೆನ್ಸಿಲ್ ಜಗಳಗಳು ಬೇರೆ. ಪತ್ತೇದಾರಿ ಪುಸ್ತಕದ ಹತ್ತನೇ ಪುಟದಲ್ಲೇ ‘ಕೊಲೆಗಾರ ಅಡುಗೆಯವನು’ ಅಂತ ಬರೆದಿಟ್ಟ ಮಹಾನುಭಾವ ಯಾರು ಅಂತ ಇವತ್ತಿಗೂ ನನಗೆ ಪತ್ತೆ ಆಗಿಲ್ಲ! ಕೊನೇ ಪುಟ ಹರಿದುಹೋದ ಕಾದಂಬರಿಗಳು ಒಂದಷ್ಟಿದ್ದವು. ಅವನ್ನ ಒಯ್ದವರು ವಾಪಸ್ ಬಂದಾಗ ಕೊನೆ ನಾನೇ ಹೇಳಬೇಕಾಗ್ತಿತ್ತು. ಒಂದೊಂದು ಸಲ ನನಗೂ ಗೊತ್ತಿರ್ತಿರಲಿಲ್ಲ. ಆಗ ಅಲ್ಲಿದ್ದ ಬೇರೆ ಗಿರಾಕಿ ಯಾರಾದರೂ ಹೇಳೋರು.

— ನೀವು ಹೇಳಿದ ಮೇಲೆ ಒಂದು ನೆನಪಾಯ್ತು. ‘ಮಲೆಗಳಲ್ಲಿ ಮದುಮಗಳು’ ನಾನು ಓದೇ ಇಲ್ಲ. ಆದರೆ ನಾಯಿಗುತ್ತಿ ಗೊತ್ತು, ಅವನ ನಾಯಿ ಹುಲಿಯ ಗೊತ್ತು. ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಕೊಂಡು ಹೋಗೋದು ನನ್ನ ಕಣ್ಣಮುಂದೆ ಇದೆ. ಅಮ್ಮ ಅನ್ನ ಕಲೆಸ್ತಾ ಹೇಳಿದ್ದು. ನಾನು ಅತ್ತು ಊಟ ಬಿಟ್ಟೆ ಅಂತ ಅಜ್ಜಿ ಅಮ್ಮನಿಗೆ ಬೈದಿದ್ದೂ ನೆನಪಿದೆ.

— 1967ರ ಪುಸ್ತಕ ಅದು. ತೀರ್ಥಹಳ್ಳಿ ಕಡೆಯ ಕಾಡು, ಅದರಲ್ಲೂ ನೂರು ವರ್ಷಕ್ಕೂ ಹಿಂದಿನ ಕಾಡು. ಕುವೆಂಪು ಬರೆದರು, ನಿಮ್ಮಮ್ಮ ಓದಿದರು, ನೀನು ಓದದೆ ಅತ್ತೆ. ಈಗ ನೀನು ನೋಡಿದ ಇಡ್ಲಿಯನ್ನ ಯಾರಿಗಾದರೂ ಹಾಗೆ ದಾಟಿಸೋಕೆ ಆಗುತ್ತಾ ಹೇಳು. ಅದು ಕೆಟ್ಟದ್ದು ಅಂತಲ್ಲ, ಇಡ್ಲಿ ಚೆನ್ನಾಗೇ ಇದ್ದಿರಬಹುದು. ಆದರೆ ನೀನು ಇನ್ನೊಬ್ಬರಿಗೆ ಹೇಳಬೇಕಾದರೆ ಅದು ನಿನ್ನೊಳಗೆ ಸ್ವಲ್ಪ ಹೊತ್ತು ಇರಬೇಕು, ನೀನು ಏನೋ ಬಿಡಬೇಕು, ಏನೋ ಸೇರಿಸಬೇಕು. ನಿಮ್ಮಮ್ಮ ಏಳುನೂರು ಪುಟದಲ್ಲಿ ಆ ನಾಯಿಯನ್ನೇ ಯಾಕೆ ಆರಿಸಿಕೊಂಡರು? ನೀನು ಮಗು ಅಂತ. ಚಿನ್ನಮ್ಮ ಮದುವೆ ಮನೆಯಿಂದ ಓಡಿಹೋದದ್ದನ್ನ ನಿನಗೆ ಹೇಳಿದ್ದಾರಾ?

— ಇಲ್ಲ!

— ಅದನ್ನ ನನ್ನ ಕೌಂಟರಿನಲ್ಲಿ ಹೇಳಿದರು. ಕಾಲು ಗಂಟೆ.

— ಆದರೆ ಸರ್, ಓದೋದು ಒಂಟಿ ಕೆಲಸ ಅಲ್ವಾ? ಒಬ್ಬರೇ, ಮೂಲೆಯಲ್ಲಿ, ಯಾರ ಗೊಡವೆಯೂ ಇಲ್ಲದೆ. ನಾನು ಅಂದುಕೊಂಡಿದ್ದು ಅದು. ಫೋನಲ್ಲಿ ಜನ ಜಾಸ್ತಿ, ಅದಕ್ಕೇ ಪುಸ್ತಕ ಬೇಕು ಅಂತ.

— ಅದು ಈಚಿನ ಅಭ್ಯಾಸ ಕಣಮ್ಮ. ನಮ್ಮಲ್ಲಿ ಓದು ಅಂದರೆ ಎಷ್ಟೋ ಕಾಲ ಒಬ್ಬರು ಓದಿ ಹತ್ತು ಜನ ಕೇಳೋದು. ಇಲ್ಲೇ ತುಂಗೆಯ ಪಕ್ಕದಲ್ಲಿ ಹೊಸಹಳ್ಳಿ, ಮತ್ತೂರು ಇವೆಯಲ್ಲ, ಗಮಕದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಒಬ್ಬರು ಕುಮಾರವ್ಯಾಸನನ್ನ ರಾಗವಾಗಿ ವಾಚನ ಮಾಡ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡ್ತಾರೆ. ವ್ಯಾಖ್ಯಾನದವರು ಒಮ್ಮೊಮ್ಮೆ ಊರಿನ ರಾಜಕೀಯಕ್ಕೂ ಹೋಗಿ ಬರ್ತಾರೆ, ಯಾರೂ ಬೇಡ ಅನ್ನಲ್ಲ. ಮಳೆ ಹೋದರೆ ವಿರಾಟಪರ್ವ ಓದಿಸೋರು, ಗೊತ್ತಾ? ಓದಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ. ಮಳೆ ಬಂತೋ ಬಿಡ್ತೋ, ಇಡೀ ಊರು ಕೂತು ಉತ್ತರಕುಮಾರನ ಪೌರುಷ ಕೇಳಿ ನಗ್ತಿತ್ತು. ಬರಗಾಲದಲ್ಲಿ ಅದೇನು ಕಡಿಮೆಯೇ? ಅಕ್ಷರ ಬಾರದವರೂ ಅಲ್ಲಿ ಓದುಗರೇ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ಎಲ್ಲರೂ ಹೊಗಳ್ತಾರೆ. ಪುಸ್ತಕದ ಜೊತೆ ಮನುಷ್ಯ ಬರ್ತಿದ್ದ, ಅದನ್ನ ಯಾರೂ ಗಮನಿಸಲ್ಲ.

— ನಿಮ್ಮ ಮಾತು ಚೆನ್ನಾಗಿದೆ, ಆದರೆ ನನಗೆ ಪೂರ್ತಿ ಹೊಂದಲ್ಲ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಾಗ ವೈದೇಹಿಯವರ ‘ಅಕ್ಕು’ ಓದಿದೆ. ಎಲ್ಲರೂ ತಲೆಕೆಟ್ಟವಳು ಅನ್ನೋ ಹೆಂಗಸಿನ ಕತೆ. ನಮ್ಮ ನೆಂಟರಲ್ಲಿ ಒಬ್ಬರು ಹಾಗೇ ಇದ್ದರು. ಚಿಕ್ಕವರಿದ್ದಾಗ ನಾವೆಲ್ಲ ಅವರನ್ನ ಅಣಕಿಸ್ತಿದ್ದೆವು. ಕತೆ ಮುಗಿಸಿ ಹೊದಿಕೆ ಎಳೆದುಕೊಂಡು ಮಲಗಿದೆ. ಅದನ್ನ ಅಮ್ಮನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಆದರೂ ಅದು ನನ್ನೊಳಗೇ ಇದೆ. ನಿಮ್ಮ ಲೆಕ್ಕದಲ್ಲಿ ಅದು ಓದೇ ಅಲ್ವಾ?

— ಓದೇ. ನನ್ನದು ಅಂಗಡಿಯವನ ಲೆಕ್ಕ. ಅಂಗಡಿಗೆ ಬಂದು ಮಾತಾಡಿದವರು ಮಾತ್ರ ನನಗೆ ಕಂಡಿದ್ದು. ಏನೂ ಹೇಳದೆ ಪುಸ್ತಕ ಇಟ್ಟು ಹೋಗೋರೂ ಇದ್ದರು. ಒಬ್ಬರು ಒಂದೇ ಪುಸ್ತಕವನ್ನ ಮತ್ತೆ ಮತ್ತೆ ಒಯ್ತಿದ್ದರು, ಯಾಕೆ ಅಂತ ನಾನು ಕೇಳಲಿಲ್ಲ.

— ಯಾವ ಪುಸ್ತಕ?

— ಅದನ್ನ ನಿನಗೂ ಹೇಳಲ್ಲ.

— ಸರಿ ಬಿಡಿ. ನಿಮ್ಮ ವಾದಕ್ಕೆ ಸಹಾಯ ಆಗೋ ಸುದ್ದಿ ಒಂದು ನನ್ನ ಹತ್ರ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡ್ಗಾಂವ್ ಅಂತ ಹಳ್ಳಿ. ಕೋವಿಡ್ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳ ಕೈಗೆ ಬಂದ ಫೋನ್ ಶಾಲೆ ತೆರೆದ ಮೇಲೂ ಕೈ ಬಿಡಲಿಲ್ಲ. 2022ರಲ್ಲಿ ಊರವರೆಲ್ಲ ಸೇರಿ ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದ ಮೇಲಿಂದ ಸೈರನ್ ಕೂಗುತ್ತೆ, ಎಲ್ಲರ ಮನೆಯಲ್ಲೂ ಟಿವಿ, ಮೊಬೈಲ್ ಬಂದ್. ಎಂಟೂವರೆಗೆ ಇನ್ನೊಂದು ಸೈರನ್. ಆ ಒಂದೂವರೆ ಗಂಟೆ ಓದು, ಬರಹ, ಮಾತು.

— ಭೇಷ್. ಆದರೆ ಸೈರನ್ನಿಗಿಂತ ನನಗೆ ಮುಖ್ಯ ಅನ್ನಿಸೋದು ‘ಎಲ್ಲರ ಮನೆಯಲ್ಲೂ’ ಅನ್ನೋ ಭಾಗ. ಒಬ್ಬ ಹುಡುಗನ ಕೈಯಿಂದ ಫೋನ್ ಕಿತ್ತು ಪುಸ್ತಕ ಕೊಟ್ಟರೆ ಅದು ಶಿಕ್ಷೆ. ಅಪ್ಪ ಸೋಫಾ ಮೇಲೆ ಕ್ರಿಕೆಟ್ ನೋಡ್ತಾ ‘ಓದು ಹೋಗೋ’ ಅಂದರೆ ಯಾವ ಮಗು ಓದುತ್ತೆ? ಇಡೀ ಊರಿಗೆ ಒಂದೂವರೆ ಗಂಟೆ ಬೇಜಾರು ಬಂದರೆ ಮಾತ್ರ ಏನಾದರೂ ಹುಟ್ಟುತ್ತೆ.

— ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನಲ್ಲೂ ಒಂದು ನಡೀತಿದೆ, ‘ಕಬ್ಬನ್ ರೀಡ್ಸ್’ ಅಂತ. ಶನಿವಾರ ಬೆಳಿಗ್ಗೆ ಚಾಪೆ, ಪುಸ್ತಕ ತಗೊಂಡು ಬಂದು ಮರದ ಕೆಳಗೆ ಸುಮ್ಮನೆ ಓದೋದು. ಫೀಸಿಲ್ಲ, ಭಾಷಣ ಇಲ್ಲ. ನಾನೂ ಹೋಗಿದ್ದೆ. ಸುತ್ತ ಅಷ್ಟು ಜನ ಓದ್ತಿರುವಾಗ ಫೋನ್ ತೆಗೆಯೋಕೆ ನಾಚಿಕೆ ಆಗುತ್ತೆ, ಅದೊಂದು ಲಾಭ.

— ಓದಿ ಆದ ಮೇಲೆ?

— ಮಾತಾಡೋರು ಮಾತಾಡ್ತಾರೆ. ನಾನು ಮಾತಾಡಲಿಲ್ಲ, ಕಾಫಿ ಕುಡಿದು ಮನೆಗೆ ಬಂದೆ.

— ಆಮೇಲೆ ಹೋಗಲಿಲ್ಲ.

— ...ಹೋಗಲಿಲ್ಲ. ನೀವು ಎಲ್ಲವನ್ನೂ ನಿಮ್ಮ ವಾದಕ್ಕೇ ಎಳೀತೀರಿ. ಬರೀ ಸಂಗಾತಿ ಸಿಕ್ಕರೆ ಸಾಲದು ಸರ್, ಮಿದುಳಿಗೇ ಅಭ್ಯಾಸ ತಪ್ಪಿದೆ. ಮೇರಿಯಾನ್ ವುಲ್ಫ್ ಅಂತ ಅಮೆರಿಕದ ವಿಜ್ಞಾನಿ, ಓದುವಾಗ ಮಿದುಳಿನಲ್ಲಿ ಏನಾಗುತ್ತೆ ಅನ್ನೋದೇ ಆಕೆಯ ವಿಷಯ. ತಾನು ಚಿಕ್ಕಂದಿನಲ್ಲಿ ತುಂಬ ಮೆಚ್ಚಿದ್ದ ಹರ್ಮನ್ ಹೆಸ್ಸೆಯ ದೊಡ್ಡ ಕಾದಂಬರಿಯನ್ನ ಮತ್ತೆ ಓದೋಕೆ ಕೂತರೆ ಆಕೆಗೆ ಆಗಲೇ ಇಲ್ಲ. ವಾಕ್ಯಗಳು ಉದ್ದ ಅನ್ನಿಸಿದವು, ಕಣ್ಣು ಜಾರಿಹೋಯ್ತು. ದಿನವೆಲ್ಲ ತೆರೆಯ ಮೇಲೆ ಓದಿ ಓದಿ ಆ ಓಟವೇ ಅಭ್ಯಾಸವಾಗಿತ್ತು. ಆಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಅಂತ ಹಠ ಹಿಡಿದು ಕೂತಳು. ಎರಡು ವಾರ ಆಗೋ ಹೊತ್ತಿಗೆ ಹಳೆಯ ನಿಧಾನ ವಾಪಸ್ ಬಂತು ಅಂತ 2018ರ ತನ್ನ ಪುಸ್ತಕದಲ್ಲಿ ಬರೆದಿದ್ದಾಳೆ. ಇದನ್ನೇ ಅಧ್ಯಯನ ಮಾಡಿದವಳ ಪಾಡೇ ಹೀಗಾದರೆ ನನ್ನದೇನು?

— ಅದು ನನಗೆ ಧೈರ್ಯದ ಸುದ್ದಿಯಾಗಿ ಕೇಳಿಸ್ತು. ಎರಡು ವಾರದಲ್ಲಿ ಬಂತಲ್ಲ! ಇಪ್ಪತ್ತು ನಿಮಿಷ ಇಟ್ಟುಕೊ, ಆಕೆ ಹೇಳಿದ್ದು ಸರಿ. ಫೋನನ್ನ ಬೇರೆ ಕೋಣೆಯಲ್ಲಿಡು. ಹಾಸಿಗೆಯಲ್ಲಿ ಓದಬೇಡ, ನಿದ್ದೆ ಬರುತ್ತೆ. ಆಮೇಲೆ ಓದೋದೇ ನಿದ್ದೆ ಮಾತ್ರೆ ಆಗಿಬಿಡುತ್ತೆ. ಇವೆಲ್ಲ ಸಣ್ಣ ವಿಷಯ. ಹಿಡಿಸದ ಪುಸ್ತಕ ಕೆಳಗಿಡೋಕೆ ಮಾತ್ರ ಹೆದರಬೇಡ. ನೀವು ಈಗಿನವರು ಪುಸ್ತಕ ಕೊಂಡುಬಿಡ್ತೀರಿ, ಕೊಂಡಿದ್ದಕ್ಕೆ ಮುಗಿಸಬೇಕು ಅಂತ ಹಠ ಮಾಡ್ತೀರಿ, ಐವತ್ತನೇ ಪುಟದಲ್ಲಿ ಸಿಕ್ಕಿಕೊಳ್ತೀರಿ, ಅಲ್ಲಿಂದ ನೇರ ಫೋನು. ಬಾಡಿಗೆಯವರಿಗೆ ಆ ಕಷ್ಟ ಇರಲಿಲ್ಲ. ಚೆನ್ನಾಗಿಲ್ಲ ಅಂದರೆ ಮರುದಿನ ಬದಲಾಯಿಸಿಕೊಳ್ಳೋರು. ನಿನಗೂ ಆ ಅನುಕೂಲ ಇದೆ. ನಿಮ್ಮ ಮನೆ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ತೀಯಲ್ಲ, 1965ರ ಕಾಯ್ದೆಯಿಂದ ಬಂದದ್ದು. ದುಡ್ಡು ಆಗಲೇ ಕೊಟ್ಟಾಗಿದೆ. ಹೋಗಿ ತಗೋಬೇಕಷ್ಟೆ.

— ನಮ್ಮ ಏರಿಯಾದ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯವರೇ ತುಂಬಿರ್ತಾರೆ. ಕೂರೋಕೆ ಕುರ್ಚಿ ಸಿಗಲ್ಲ.

— ಅವರೂ ಓದೋದೇ. ನೀನು ನಿಂತುಕೊಂಡು ಕಾದಂಬರಿ ಕಪಾಟು ನೋಡು, ಅಲ್ಲಿ ನೂಕುನುಗ್ಗಲು ಇರಲ್ಲ.

— ಅದಿರಲಿ. ಅಮ್ಮನ ವಿಷಯ ಒಂದು ಕೇಳಬೇಕು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಓದೋದು ಕಡಿಮೆ. ಫೋನಿನಲ್ಲಿ ಆಡಿಯೋ ಪುಸ್ತಕ ಹಾಕಿಕೊಟ್ಟಿದ್ದೀನಿ. ‘ಕರ್ವಾಲೊ’ ಕೇಳ್ತಾ ಅಡುಗೆ ಮಾಡ್ತಾರೆ. ಅದು ಓದಲ್ಲ, ಸ್ಕ್ರೀನೇ ಅಂತ ನನ್ನ ತಮ್ಮ ಕಿಚಾಯಿಸ್ತಾನೆ.

— ನಿನ್ನ ತಮ್ಮನನ್ನ ಹೊಸಹಳ್ಳಿಗೆ ಕರೆದುಕೊಂಡು ಹೋಗಿ ಗಮಕಕ್ಕೆ ಕೂರಿಸು. ತೇಜಸ್ವಿಯವರ ಗದ್ಯ ಕಿವಿಗೆ ಚೆನ್ನಾಗೇ ಬರುತ್ತೆ, ಮಾತಾಡೋ ಹಾಗೆ ಬರೆದವರು. ಮಂದಣ್ಣನ ಜೇನು, ಪ್ಯಾರ, ಕೊನೆಗೆ ಆ ಹಾರುವ ಓತಿ ಕಣಿವೆಗೆ ಜಾರಿ ತೇಲಿಹೋಗೋದು... 1980ರಿಂದ ಎಷ್ಟು ಜನ ಆ ಪುಸ್ತಕ ಒಯ್ದು ತಂದರು, ಎಷ್ಟು ಜನ ‘ಅದನ್ನ ಹಿಡಿಯೋಕೆ ಬಿಡಬೇಕಿತ್ತು’ ಅಂತ ನನ್ನ ಹತ್ರ ವಾದ ಮಾಡಿದರು! ನಾನು ಬೇಡ ಅನ್ನೋ ಪಕ್ಷ. ನಿಮ್ಮಮ್ಮ ಹಿಡೀಬೇಕಿತ್ತು ಅನ್ನೋ ಪಕ್ಷ.

— ಈಗಲೂ ಅದೇ ಪಕ್ಷ. ಮೊನ್ನೆ ಸಾರಿಗೆ ಒಗ್ಗರಣೆ ಹಾಕ್ತಾ ಅದನ್ನೇ ಹೇಳ್ತಿದ್ದರು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ, ಪೂರ್ತಿ ಕೇಳಿಸಲಿಲ್ಲ.

— ನೋಡು, ಓದಿದವರು ಮನೆಯಲ್ಲೇ ಇದ್ದಾರೆ, ಹೇಳೋಕೂ ಸಿದ್ಧ ಇದ್ದಾರೆ.

— ಆಯ್ತು. ಈಗ ಕೊಡಿ. ಆದರೆ ‘ಮದುಮಗಳು’ ಮಾತ್ರ ಬೇಡ, ಆ ಗಾತ್ರ ನೋಡಿದರೇ ಭಯ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಆಫೀಸಿನ ಕನ್ನಡದವರೆಲ್ಲ ಓದಿದ್ದಾರೆ, ಅದೂ ದಪ್ಪವೇ.

— ದಪ್ಪ ಹೌದು, ಆದರೆ ಓಡುತ್ತೆ. ಲಿಸ್ಬನ್ನಿನಿಂದ ವಿಜಯನಗರಕ್ಕೆ ಎಳೆದುಕೊಂಡು ಬರ್ತಾರೆ. ಅದನ್ನ ಆಮೇಲೆ ಓದು. ಸದ್ಯಕ್ಕೆ ಈ ತೆಳ್ಳಗಿನದು.

— ‘ಘಾಚರ್ ಘೋಚರ್’. ವಿವೇಕ ಶಾನಭಾಗರದು. ಇದರ ಇಂಗ್ಲಿಷ್ ಅನುವಾದ, ಶ್ರೀನಾಥ್ ಪೆರೂರ್ ಮಾಡಿದ್ದು, ನಮ್ಮ ಟೀಮಿನಲ್ಲಿ ಕನ್ನಡ ಬಾರದವರೂ ಓದಿದ್ದಾರೆ.

— ಮತ್ತಿನ್ನೇನು, ಮಾತಾಡೋಕೆ ಜನ ಸಿದ್ಧವಾಗೇ ಇದ್ದಾರೆ. ಬೆಂಗಳೂರಿನ ಒಂದು ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ಅಂತ ದುಡ್ಡು ಬಂದ ಮನೆ. ಹೇಳೋನು ಕಾಫಿ ಹೌಸಿನಲ್ಲಿ ಕೂತು ಹೇಳ್ತಾನೆ. ಇರುವೆಗಳು ಬರೋ ಪುಟ ನಿಧಾನಕ್ಕೆ ಓದು. ಆಮೇಲೆ ಅವನ ಹೆಂಡತಿ ಅನಿತಾ... ಬೇಡ, ಹೇಳಲ್ಲ. ಹತ್ತನೇ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದವನ ಹಾಗಾಗುತ್ತೆ.

— ಎಷ್ಟು ದಿನಕ್ಕೆ ವಾಪಸ್ ಕೊಡಬೇಕು?

— ಈಗ ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ. ಮುಗಿಸಿದ ದಿನ ನನಗೆ ಫೋನ್ ಮಾಡು.

— ಫೋನಾ?

— ಮತ್ತೇನು, ಕಾಗದ ಬರೀತೀಯಾ? ನಿಮ್ಮಮ್ಮನೂ ಫೋನೇ ಮಾಡೋದು. ಹೋದ ವರ್ಷ ಇದೇ ಪ್ರತಿಯನ್ನ ಒಯ್ದು ಓದಿ, ಅನಿತಾಗೆ ಏನೂ ಆಗಿಲ್ಲ, ಅವನು ಸುಮ್ಮನೆ ಹೆದರಿದ್ದಾನೆ ಅಂತ ಮುಕ್ಕಾಲು ಗಂಟೆ ವಾದ ಮಾಡಿದರು. ನಾನೊಪ್ಪಲಿಲ್ಲ, ಅವರು ಬಿಡಲಿಲ್ಲ. ಮೂರನೆಯವರೊಬ್ಬರು ಓದಿ ಹೇಳಬೇಕಾಗಿದೆ.